ವರ್ಚುವಲ್ ಮಷಿನ್ ಬೂಟ್ ಆಗದಿದ್ದರೆ ಡಿಲೀಟ್ ಮಾಡುವುದೇ ದಾರಿಯೇ?

ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರೇ ವರ್ಚುವಲ್ ಮಷಿನ್. ಅದು ಬೂಟ್ ಆಗದೆ ಕಪ್ಪು ಪರದೆ ತೋರಿಸಿದರೆ ‘ಡಿಲೀಟ್ ಮಾಡಿ, ಹೊಸದಾಗಿ ಹಾಕಿ’ ಎನ್ನುವವರೇ ಹೆಚ್ಚು. ಅವಸರ ಬೇಡ ಎನ್ನುತ್ತೇವೆ ನಾವು.

ನಿಜ ಏನು?

ಅದರ ಆಪರೇಟಿಂಗ್ ಸಿಸ್ಟಮ್, ನೀವು ಅದರಲ್ಲಿ ಉಳಿಸಿದ ಫೈಲುಗಳು ಎಲ್ಲವೂ ಇರುವುದು ಡಿಸ್ಕ್ ಫೈಲಿನಲ್ಲಿ. ವರ್ಚುವಲ್‌ಬಾಕ್ಸ್‌ನಲ್ಲಿ ಇದು ಸಾಮಾನ್ಯವಾಗಿ ‘ವಿಡಿಐ’ ಫೈಲು. ಅದನ್ನು ಅಳಿಸಿದರೆ ಒಳಗಿದ್ದದ್ದೆಲ್ಲ ಹೋಯಿತು. ಹಾಗಾಗಿ ಮೊದಲು ಮಷಿನ್ ಪೂರ್ತಿ ಆಫ್ ಮಾಡಿ, ಅದರ ಇಡೀ ಫೋಲ್ಡರನ್ನು ಬೇರೆಡೆ ಕಾಪಿ ಮಾಡಿಡಿ.

ಆಮೇಲೆ ಇವನ್ನು ನೋಡಿ:

• ‘ನೋ ಬೂಟಬಲ್ ಮೀಡಿಯಂ’ ಎಂದು ಬಂದರೆ ಬೂಟ್ ಆಗಬಲ್ಲ ಡಿಸ್ಕ್ ಸಿಕ್ಕಿಲ್ಲ ಎಂದರ್ಥ. ಸೆಟ್ಟಿಂಗ್ಸ್‌ನ ‘ಸ್ಟೋರೇಜ್’ನಲ್ಲಿ ಡಿಸ್ಕ್ ಸೇರಿಸಿದೆಯೇ ನೋಡಿ. ಇನ್ನೂ ಏನೂ ಇನ್‌ಸ್ಟಾಲ್ ಮಾಡಿರದಿದ್ದರೆ ಐಎಸ್‌ಒ ಫೈಲು ಹಾಕಿ.

• ಇನ್‌ಸ್ಟಾಲ್ ಮುಗಿದರೂ ಮತ್ತೆ ಇನ್‌ಸ್ಟಾಲರ್ ಬರುತ್ತಿದ್ದರೆ ಐಎಸ್‌ಒ ತೆಗೆಯಿರಿ.

• ಡಿಸ್ಕ್ ಇದ್ದೂ ಬೂಟ್ ಆಗದಿದ್ದರೆ ‘ಇಎಫ್‌ಐ’ ಆಯ್ಕೆ ನೋಡಿ. ಇನ್‌ಸ್ಟಾಲ್ ಮಾಡಿದಾಗ ಇದ್ದಂತೆಯೇ ಅದು ಇರಬೇಕು.

• ‘ವಿಟಿ-ಎಕ್ಸ್’ ಅಥವಾ ‘ಎಎಂಡಿ-ವಿ’ ಆಫ್ ಆಗಿದೆ ಎಂದು ಬಂದರೆ ನಿಮ್ಮ ಅಸಲಿ ಕಂಪ್ಯೂಟರಿನ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿ.

ಕೊನೆಯ ಮಾತು: ಬೂಟ್ ಆಗಲಿಲ್ಲ ಎಂದ ಮಾತ್ರಕ್ಕೆ ಡೇಟಾ ಹೋಗಿದೆ ಎಂದಲ್ಲ. ಸರಿಪಡಿಸುವ ಗಡಿಬಿಡಿಯಲ್ಲಿ ನಾವೇ ಅದನ್ನು ಕಳೆದುಕೊಳ್ಳದಿದ್ದರೆ ಸಾಕು.