ವಯಸ್ಕರ ಮುಖದ ಕೆಂಗುಳ್ಳೆಗಳು

ಮೊಡವೆಯೆಂಬುದು ಹರೆಯದ ಕಾಟ, ವಯಸ್ಸು ಬಲಿತಂತೆ ತಾನಾಗಿ ಅಡಗುವುದು ಎಂಬ ನಂಬಿಕೆ ಬಹು ಹಳೆಯದು. ಸುಶ್ರುತಸಂಹಿತೆಯೂ ತರುಣರ ಮುಖದಲ್ಲೇಳುವ ಗುಳ್ಳೆಗಳನ್ನು ಬೂರುಗದ ಮುಳ್ಳಿಗೆ ಹೋಲಿಸಿ ‘ಮುಖದೂಷಿಕೆ’ ಎಂದು ಕರೆದಿದೆ. ಆದರೆ ಮೂವತ್ತು, ನಲವತ್ತು ವರ್ಷ ದಾಟಿದವರಿಗೂ ಮುಖದಲ್ಲಿ ಕೆಂಪಗೆ ಊದಿದ ಗುಳ್ಳೆಗಳು ಏಳುವುದುಂಟು. ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಇವುಗಳ ಕಾರಣಗಳು ಹಲವು. ಅವನ್ನರಿಯದೆ ಲೇಪ ಹಚ್ಚಿದರೆ ಗುಣಕ್ಕಿಂತ ಕೇಡೇ ಹೆಚ್ಚಾಗಬಹುದೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಮೊದಲು ಮೊಡವೆಯನ್ನೇ ನೋಡೋಣ. ಚರ್ಮದ ಪ್ರತಿಯೊಂದು ರೋಮಕೂಪಕ್ಕೂ ಸೇರಿದಂತೆ ಜಿಡ್ಡನ್ನು ಸ್ರವಿಸುವ ಗ್ರಂಥಿಯೊಂದಿದೆ. ಕೂಪದ ಬಾಯಿ ಕಟ್ಟಿಕೊಂಡಾಗ ಜಿಡ್ಡು ಒಳಗೇ ನಿಲ್ಲುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಉರಿಯೂತವುಂಟಾಗುತ್ತದೆ. ಹಾರ್ಮೋನುಗಳ ಏರುಪೇರು ಈ ಜಿಡ್ಡನ್ನು ಹೆಚ್ಚಿಸಬಲ್ಲುದು. ಆದಕಾರಣ ಕೆಲವು ಸ್ತ್ರೀಯರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ದವಡೆಯ ಅಂಚಿನಲ್ಲಿ ಗುಳ್ಳೆಗಳೇಳುತ್ತವೆ. ಮುಟ್ಟು ತಪ್ಪುವುದೂ ಮುಖದಲ್ಲಿ ಕೂದಲು ಬೆಳೆಯುವುದೂ ಇದರೊಡನೆ ಕೂಡಿದ್ದರೆ ಅಂಡಾಶಯದ ದೋಷವನ್ನು ಶಂಕಿಸಬೇಕು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಅಪವಾದವು ಮೆಣಸಿನಕಾಯಿಯ ಮೇಲೆ ಬೀಳುವುದು ಸಹಜ. ಬ್ಯಾಡಗಿಯ ಕಾಯಿಯ ಹಿರಿಮೆಯಾದರೋ ಬಣ್ಣದಲ್ಲಿದೆಯೇ ಹೊರತು ಖಾರದಲ್ಲಿಲ್ಲ. ಖಾರದ ಊಟದಿಂದಲೇ ಮೊಡವೆ ಹುಟ್ಟುವುದೆಂಬುದಕ್ಕೆ ಗಟ್ಟಿಯಾದ ಪ್ರಮಾಣವೂ ಇಲ್ಲ. ಆದರೆ ‘ರೊಸೇಶಿಯ’ ಎಂಬ ಬೇರೊಂದು ವ್ಯಾಧಿಯಿದೆ. ಇದರಲ್ಲಿ ಕೆನ್ನೆ, ಮೂಗುಗಳು ಮತ್ತೆಮತ್ತೆ ಕೆಂಪೇರಿ ಗುಳ್ಳೆಗಳೇಳುತ್ತವೆ. ಮೊಡವೆಯಲ್ಲಿ ಕಾಣುವ ಕಪ್ಪು ತಲೆಯ ಮುಳ್ಳುಗಳಿರುವುದಿಲ್ಲ. ಬಿಸಿಲು, ಮದ್ಯ, ಬಿಸಿ ಪಾನೀಯಗಳಂತೆ ಖಾರವೂ ಇದನ್ನು ಕೆರಳಿಸಬಲ್ಲುದು. ಇನ್ನು ಮೆಣಸಿನಕಾಯಿಯನ್ನು ಹಸನುಮಾಡುವವರು ಅದೇ ಕೈಯಿಂದ ಮುಖವನ್ನೊರಸಿಕೊಂಡರೆ ಚರ್ಮ ಉರಿದು ಕೆಂಪಾಗುವುದು. ಖಾರದ ಸತ್ತ್ವವು ನೀರಿನಲ್ಲಿ ಸುಲಭವಾಗಿ ಕರಗದಾದ್ದರಿಂದ ಕೈಯನ್ನು ಸಾಬೂನಿನಿಂದಲೇ ತೊಳೆಯಬೇಕು.

ಕ್ಷೌರದ ಬಳಿಕ ಗಡ್ಡದ ಜಾಗದಲ್ಲಿ ಏಳುವ ಗುಳ್ಳೆಗಳಿಗೆ ರೋಮಕೂಪದ ಸೋಂಕಾಗಲಿ, ಒಳಮುಖವಾಗಿ ಬೆಳೆದ ಕೂದಲಾಗಲಿ ಕಾರಣವಾಗಿರಬಹುದು. ಹತ್ತಿಯ ಜಿನ್ನುಗಳಲ್ಲಿಯೂ ವಾಹನ ದುರಸ್ತಿಯ ಅಂಗಡಿಗಳಲ್ಲಿಯೂ ದುಡಿಯುವವರಿಗೆ ಯಂತ್ರದ ಎಣ್ಣೆಯೇ ಕೂಪಗಳನ್ನು ಮುಚ್ಚಬಹುದು. ಕುರು ಮೇಲಿಂದ ಮೇಲೆ ಏಳುತ್ತಿದ್ದರೆ ಮಧುಮೇಹದ ಪರೀಕ್ಷೆ ಮಾಡಿಸುವುದು ಲೇಸು.

ಎಲ್ಲಕ್ಕಿಂತ ಎಚ್ಚರ ವಹಿಸಬೇಕಾದುದು ಸ್ಟೆರಾಯ್ಡ್ ಬೆರೆತ ಮುಲಾಮುಗಳ ವಿಷಯದಲ್ಲಿ. ಮುಖ ಬೆಳ್ಳಗಾಗಲೆಂದೋ ಗುಳ್ಳೆ ಬೇಗ ಅಡಗಲೆಂದೋ ಅಂಗಡಿಯಿಂದ ತಂದು ಇವನ್ನು ಹಚ್ಚುವವರುಂಟು. ಮೊದಲ ದಿನಗಳಲ್ಲಿ ಕೆಂಪು ತಗ್ಗಿ ಹಿತವೆನಿಸುವುದು. ಬರಬರುತ್ತಾ ಚರ್ಮ ತೆಳುವಾಗಿ, ಮುಲಾಮೇ ಹೊಸ ಗುಳ್ಳೆಗಳಿಗೆ ಕಾರಣವಾಗುವುದು. ಬಿಟ್ಟೊಡನೆ ಉರಿ ಹೆಚ್ಚುವುದರಿಂದ ರೋಗಿ ಮತ್ತೆ ಅದನ್ನೇ ಹಚ್ಚುತ್ತಾನೆ. ಈ ಸುಳಿಯಿಂದ ಹೊರಬರಲು ವೈದ್ಯರ ನೆರವು ಅಗತ್ಯ.

ಗುಳ್ಳೆಯನ್ನು ಹಿಸುಕಬಾರದು, ಕಲೆ ಉಳಿಯುವುದಲ್ಲದೆ ಮೂಗು, ಮೇಲ್ದುಟಿಗಳ ಸುತ್ತಿನ ಸೋಂಕು ಅಪರೂಪಕ್ಕೆ ಒಳಗೂ ಹರಡಬಹುದು. ನೋವಿಲ್ಲದ ಗಂಟುಗಳು, ಸ್ಪರ್ಶಜ್ಞಾನವಿಲ್ಲದ ಮಚ್ಚೆಗಳು ಕಂಡರೆ ಕುಷ್ಠದ ಪರೀಕ್ಷೆಯಾಗಬೇಕು. ಅದು ಇಂದು ಔಷಧಿಯಿಂದ ಪೂರ್ಣ ಗುಣವಾಗುವ ರೋಗ. ಕೆಲವು ವಾರಗಳಲ್ಲಿ ಅಡಗದ ಗುಳ್ಳೆಗಳನ್ನು ಚರ್ಮವೈದ್ಯರಿಗೆ ತೋರಿಸಬೇಕು. ಹೋಗುವಾಗ ಅದುವರೆಗೆ ಹಚ್ಚಿದ ಮುಲಾಮಿನ ಕೊಳವೆಯನ್ನೂ ಜೊತೆಗೆ ಒಯ್ದರೆ ಕಾರಣವನ್ನು ಕಂಡುಹಿಡಿಯುವ ಅವರ ಕೆಲಸ ಸುಲಭವಾಗುವುದು.