ಸಾಕುಮೀನಿನ ಮನಸ್ಸು ಮತ್ತು ಆಹಾರ

ಸಿಂಗಸಂದ್ರದ ನಮ್ಮ ಮನೆಯಲ್ಲಿ ಒಂದು ಗಾಜಿನ ತೊಟ್ಟಿಯೂ ಅದರಲ್ಲಿ ನಾಲ್ಕು ಗೋಲ್ಡ್‌ಫಿಶ್ ಮೀನುಗಳೂ ಇದ್ದುವು. ಯಾರು ಹತ್ತಿರ ಹೋದರೂ ಅವು ಗಾಜಿನ ಬಳಿಗೆ ಧಾವಿಸಿ ಬಂದು ಬಾಲವಾಡಿಸುತ್ತಿದ್ದುವು. ನಮ್ಮನ್ನು ಕಂಡು ಸಂತೋಷಪಡುತ್ತಿವೆಯೆಂದು ಬಗೆದು ಮಕ್ಕಳು ಶಾಲೆಗೆ ಹೋಗುವಾಗ ಒಂದು ಚಿಟಿಕೆ, ಬಂದ ಮೇಲೆ ಒಂದು ಚಿಟಿಕೆ, ಅಜ್ಜಿ ಪೂಜೆ ಮುಗಿಸಿ ಒಂದು ಚಿಟಿಕೆ ಆಹಾರ ಹಾಕಿದರು. ಮೂರನೆಯ ವಾರ ನೀರು ಮಬ್ಬಾಯಿತು. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಏದತೊಡಗಿದುವು. ಎರಡು ಸತ್ತುವು. ಪ್ರೀತಿಯಿಂದ ಮಾಡಿದ ಕಾರ್ಯ ಪ್ರಾಣಕ್ಕೆ ಎರವಾದುದು ಹೇಗೆ?

ಮೊದಲು ಮೀನಿನ ಮನಸ್ಸಿನ ವಿಚಾರ. 1923ರಲ್ಲಿ ಕಾರ್ಲ್ ಫಾನ್ ಫ್ರಿಷ್ ಎಂಬ ವಿಜ್ಞಾನಿ, ಕಣ್ಣಿಲ್ಲದ ಕ್ಯಾಟ್‌ಫಿಶ್ ಒಂದಕ್ಕೆ ಸಿಳ್ಳು ಹಾಕಿ ಆಹಾರ ಕೊಡುವ ಪ್ರಯೋಗವನ್ನು ಪ್ರಕಟಿಸಿದನು. ಕೆಲವು ದಿನಗಳಲ್ಲಿಯೇ ಅದು ಸಿಳ್ಳು ಕೇಳಿದೊಡನೆ ಅಡಗಿದ್ದ ಸ್ಥಳದಿಂದ ಹೊರಬರುವುದನ್ನು ಕಲಿತಿತು. ನಮ್ಮ ಮನೆಯ ಮೀನುಗಳು ಕಲಿತದ್ದೂ ಇಂಥದೇ ಪಾಠ: ಮನುಷ್ಯನ ಆಕೃತಿ ಕಂಡರೆ ಆಹಾರ ಬೀಳುತ್ತದೆ. ಇದು ಕಲಿಕೆಗೆ ಸಾಕ್ಷಿಯೇ ಹೊರತು ವಾತ್ಸಲ್ಯಕ್ಕೆ ಸಾಕ್ಷಿಯಲ್ಲ.

ಹಾಗೆಂದು ಮೀನನ್ನು ಜಡವಸ್ತುವೆಂದು ತಿಳಿಯಬಾರದು. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿಗೆ ಅಸೆಟಿಕ್ ಆಮ್ಲವನ್ನು ಚುಚ್ಚಿದಾಗ ಅದು ಆಹಾರವನ್ನು ಬಿಟ್ಟು ತುಟಿಯನ್ನು ಕಲ್ಲಿಗೆ ಉಜ್ಜಿತು. ನೋವು ಕಳೆಯುವ ಮಾರ್ಫಿನ್ ಕೊಟ್ಟಾಗ ಈ ವರ್ತನೆ ತಗ್ಗಿತು. ನಮ್ಮ ದೇಶದ ಹಳ್ಳಕೊಳ್ಳಗಳದೇ ಆದ ಜೀಬ್ರಾ ಮೀನನ್ನು ಸ್ವಲ್ಪ ಹೊತ್ತು ಬಲೆಯಲ್ಲಿ ಸೆರೆಹಿಡಿದು ಬಿಟ್ಟರೆ, ಅದು ಹೆಚ್ಚು ಬೆಚ್ಚಗಿನ ನೀರನ್ನು ಅರಸಿಹೋಗಿ ತನ್ನ ಮೈಯ ಉಷ್ಣತೆಯನ್ನು 2ರಿಂದ 4 ಡಿಗ್ರಿಗಳಷ್ಟು ಏರಿಸಿಕೊಳ್ಳುತ್ತದೆಂದು 2015ರ ಒಂದು ಪ್ರಯೋಗ ತೋರಿಸಿತು. ಗಾಬರಿಯಾದ ಮನುಷ್ಯನ ಮೈ ಬಿಸಿಯೇರುವುದಿಲ್ಲವೆ? ಮೀನಿನ ಮಿದುಳಿನಲ್ಲಿ ನಮ್ಮಂತಹ ಹೊರಪದರವಿಲ್ಲ, ಆದುದರಿಂದ ಅದಕ್ಕೆ ನೋವಿನ ಅರಿವಿಲ್ಲವೆಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಆದರೂ ಭಯ ಮತ್ತು ನೋವುಗಳಿಗೆ ದೊರೆತಿರುವಷ್ಟು ಆಧಾರ ಪ್ರೀತಿಗೆ ದೊರೆತಿಲ್ಲವೆಂಬುದು ಸ್ಪಷ್ಟ.

ಇನ್ನು ನೀರಿನ ವಿಚಾರ. ತಿನ್ನದೆ ಉಳಿದ ಆಹಾರ ಕೊಳೆಯುವಾಗ ಬ್ಯಾಕ್ಟೀರಿಯಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ; ಜೊತೆಗೆ ವಿಷಕಾರಿಯಾದ ಅಮೋನಿಯ ಉತ್ಪನ್ನವಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಮೀನು ಶೀತರಕ್ತದ ಪ್ರಾಣಿ. ನೀರು ಬಿಸಿಯೇರಿದಂತೆ ಅದರ ಉಸಿರಾಟದ ಅಗತ್ಯ ಹೆಚ್ಚುತ್ತದೆ. ಬೇಕಾದುದು ಹೆಚ್ಚು, ಇರುವುದು ಕಡಮೆ! 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವಷ್ಟೆ. ಅಲ್ಲಿ ಚರಂಡಿಯ ಕೊಳೆ ಮಾಡಿದ ಕೆಲಸವನ್ನೇ ನಮ್ಮ ತೊಟ್ಟಿಯಲ್ಲಿ ಹೆಚ್ಚಾದ ಆಹಾರ ಮಾಡಿತು.

ಆದುದರಿಂದ ಮೀನು ಸಾಕುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಗೋಲ್ಡ್‌ಫಿಶ್ ಮೀನಿಗೆ ಜಠರವೇ ಇಲ್ಲ. ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಒಂದೇ ಸಲ ಬಹಳ ಹಾಕದೆ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಒಂದೆರಡು ಬಾರಿ ಕೊಟ್ಟರೆ ಸಾಕು. ಉಳಿದುದನ್ನು ತೆಗೆದುಬಿಡಬೇಕು. ಅನ್ನದ ಅಗುಳು, ಬ್ರೆಡ್ಡಿನ ಚೂರು ಬೇಡ. ಒಂದು ದಿನದ ಉಪವಾಸದಿಂದ ಬೆಳೆದ ಮೀನಿಗೆ ಕೇಡಿಲ್ಲ. ವಾರಕ್ಕೊಮ್ಮೆ ನೀರಿನ ಕಾಲುಭಾಗವನ್ನು ಮಾತ್ರ ಬದಲಾಯಿಸಬೇಕು; ಅಮೋನಿಯವನ್ನು ಮಾರ್ಪಡಿಸುವ ಉಪಕಾರಿ ಬ್ಯಾಕ್ಟೀರಿಯಗಳೂ ತೊಟ್ಟಿಯಲ್ಲಿ ನೆಲಸಿರುತ್ತವೆ. ಹೊಸ ನೀರನ್ನು ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕೊಳವೆಬಾವಿಯ ನೀರು ಗಾಳಿಯನ್ನು ಹೀರಿಕೊಳ್ಳುತ್ತದೆ. ನಲ್ಲಿಯ ನೀರಿನ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಗಾಜನ್ನು ಬಡಿದು ಮೀನನ್ನು ಬೆದರಿಸಕೂಡದು.

ನಮ್ಮಲ್ಲಿ ಉಳಿದ ಎರಡು ಮೀನುಗಳಿಗೆ ಆಹಾರ ಕೊಡುವ ಹೊಣೆ ಈಗ ಒಬ್ಬಳೇ ಮಗಳದು. ಅವು ಇಂದಿಗೂ ಎಲ್ಲರನ್ನೂ ಕಂಡು ಗಾಜಿನ ಬಳಿಗೆ ಬರುತ್ತವೆ. ಆದರೆ ಕೈಗಳು ಮೊದಲಿನಂತೆ ಡಬ್ಬಿಯತ್ತ ಹೋಗುವುದಿಲ್ಲ. ಮೀನು ನಮ್ಮನ್ನು ಪ್ರೀತಿಸುತ್ತದೆಯೆ ಎಂಬುದು ತಿಳಿಯದಿದ್ದರೂ ಚಿಂತೆಯಿಲ್ಲ. ಅದು ಭಯಪಡಬಲ್ಲದು, ಉಸಿರುಗಟ್ಟಿ ಸಾಯಬಲ್ಲದು ಎಂಬುದು ತಿಳಿದಿದೆ. ಅಷ್ಟನ್ನು ಅರಿತು ನಡೆಯುವುದೇ ನಾವು ಅದಕ್ಕೆ ತೋರಬಹುದಾದ ನಿಜವಾದ ಪ್ರೀತಿ.