ದೇವಣಿ ಆಕಳಿನಿಂದ ಅನುವಂಶೀಯತೆಯ ಪಾಠ

ಹತ್ತನೆಯ ತರಗತಿಯ ಅನುವಂಶೀಯತೆ ಪಾಠವನ್ನು ನಾವು ಮೆಂಡಲ್‌ರ ಬಟಾಣಿ ಗಿಡದಿಂದ ಆರಂಭಿಸುತ್ತೇವೆ. ಎತ್ತರ, ಗಿಡ್ಡ ಎಂಬ ಎರಡೇ ರೂಪಗಳಿರುವುದರಿಂದ 3:1 ಅನುಪಾತವನ್ನು ಕಪ್ಪುಹಲಗೆಯ ಮೇಲೆ ಸುಲಭವಾಗಿ ತೋರಿಸಬಹುದು. ಆದರೆ ಕೊಹಿನೂರ ಭಾಗದ ಮಕ್ಕಳಿಗೆ ಬಟಾಣಿಗಿಂತ ಆಕಳು ಹೆಚ್ಚು ಪರಿಚಿತ. ಒಂದೇ ಕಣಕಿ, ಒಂದೇ ಹಿಂಡಿ ತಿಂದರೂ ಎರಡು ಆಕಳುಗಳ ಹಾಲು ಒಂದೇ ಸಮ ಇರುವುದಿಲ್ಲ ಎಂಬುದು ಅವರ ಪೂರ್ವಜ್ಞಾನ. ಇದರ ಕಾರಣ ತಿಳಿಸಲು ಬಟಾಣಿಯ ಲೆಕ್ಕವೊಂದೇ ಸಾಲದು.

ಬೀದರ ಜಿಲ್ಲೆ ಮತ್ತು ನೆರೆಯ ಲಾತೂರ ಜಿಲ್ಲೆ ದೇವಣಿ ತಳಿಯ ತವರು. ಹಾಲಿಗೂ ಉಳುಮೆಗೂ ಒದಗುವ ಈ ತಳಿಯಲ್ಲಿ ಬಣ್ಣದ ಆಧಾರದ ಮೇಲೆ ಮೂರು ಬಗೆಗಳಿವೆ: ವಾನೇರಾ, ಬಾಳಂಕ್ಯಾ, ಶೇವೇರಾ. ಬಿಳಿ ಮೈ, ಕಪ್ಪು ಮುಖ ಇದ್ದರೆ ವಾನೇರಾ. ಮೈಮೇಲೆ ಕಪ್ಪು ಮಚ್ಚೆಗಳು ಹರಡಿದ್ದರೆ ಶೇವೇರಾ. ಬಣ್ಣದಂಥ ಗುಣದ ಮೇಲೆ ಕೆಲವೇ ವಂಶವಾಹಿಗಳ ಪ್ರಭಾವ ಎದ್ದು ಕಾಣುತ್ತದೆ. ಹಾಲಿನ ಪ್ರಮಾಣ ಹಾಗಲ್ಲ. ಅದರ ಹಿಂದೆ ನೂರಾರು ವಂಶವಾಹಿಗಳಿದ್ದು, ಒಂದೊಂದರ ಪಾಲು ಅತಿ ಚಿಕ್ಕದು. ಆದ್ದರಿಂದಲೇ ಆಕಳುಗಳನ್ನು 'ಹಾಲು ಕೊಡುವವು, ಕೊಡದವು' ಎಂದು ಎರಡು ಗುಂಪು ಮಾಡಲಾಗದು. ಕಡಿಮೆಯಿಂದ ಹೆಚ್ಚಿನವರೆಗೆ ಎಲ್ಲ ಮಟ್ಟದವೂ ಸಿಗುತ್ತವೆ.

ದೊಡ್ಡ ಪಾಲಿರುವ ವಂಶವಾಹಿಗಳು ಅಪರೂಪ. 14ನೆಯ ವರ್ಣತಂತುವಿನಲ್ಲಿರುವ ಡಿಜಿಎಟಿ1 ಅಂಥದ್ದು. ಅದರ ಒಂದು ರೂಪ ಹಾಲಿನ ಕೊಬ್ಬನ್ನು ಹೆಚ್ಚಿಸುತ್ತದೆ, ಹಾಲಿನ ಪ್ರಮಾಣವನ್ನು ತಗ್ಗಿಸುತ್ತದೆ. ಇನ್ನೊಂದು ರೂಪದ ಪರಿಣಾಮ ಇದಕ್ಕೆ ವಿರುದ್ಧ.

ಹಾಲಿನ ಪ್ರಮಾಣದ ಅನುವಂಶೀಯತಾ ಮೌಲ್ಯ ಸಾಮಾನ್ಯವಾಗಿ 0.3ರ ಆಸುಪಾಸು. ಇಲ್ಲಿ ವಿದ್ಯಾರ್ಥಿಗಳಲ್ಲಿ ತಪ್ಪು ಕಲ್ಪನೆ ಬರುವ ಸಂಭವವಿದೆ. ಒಂದು ಆಕಳಿನ ಹಾಲಿನಲ್ಲಿ ಶೇ. 30ರಷ್ಟು ವಂಶವಾಹಿಯದು ಎಂಬುದು ಇದರ ಅರ್ಥವಲ್ಲ. ಹಿಂಡಿನ ಆಕಳುಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ. 30ರಷ್ಟು ವಂಶವಾಹಿಗಳಿಂದ ಬಂದದ್ದು. ಉಳಿದದ್ದು ಮೇವು, ನೀರು, ಬಿಸಿಲು, ರೋಗ, ಆರೈಕೆಗಳಿಂದ.

ಕಪ್ಪುಹಲಗೆಯ ಲೆಕ್ಕಕ್ಕೆ ಒಂದು ಕಲ್ಪಿತ ಹಿಂಡು ಸಾಕು. ಸರಾಸರಿ ದಿನಕ್ಕೆ 4 ಲೀಟರ್; ಆಯ್ದ ತಾಯಿ ಆಕಳುಗಳದು 6 ಲೀಟರ್. ವ್ಯತ್ಯಾಸ 2 ಲೀಟರ್. ಅದರಲ್ಲಿ ಅನುವಂಶೀಯ ಭಾಗ 2 × 0.3 = 0.6. ತಾಯಿಯಿಂದ ಕರುವಿಗೆ ಅರ್ಧದಷ್ಟು ವಂಶವಾಹಿಗಳು ಮಾತ್ರ ಬರುವುದರಿಂದ ಹೆಣ್ಣುಕರುಗಳಲ್ಲಿ ನಿರೀಕ್ಷಿಸಬಹುದಾದ ಹೆಚ್ಚಳ 0.3 ಲೀಟರ್. ಉಳಿದರ್ಧ ಎಲ್ಲಿಂದ? ಹೋರಿಯಿಂದ. ಹೋರಿ ಹಾಲು ಕೊಡುವುದಿಲ್ಲ, ಆದರೂ ಹಾಲಿನ ವಂಶವಾಹಿಗಳನ್ನು ಹೊತ್ತಿರುತ್ತದೆ. ಅದರ ಯೋಗ್ಯತೆ ತಿಳಿಯುವುದು ಅದರ ಹೆಣ್ಣುಮಕ್ಕಳ ಹಾಲಿನ ದಾಖಲೆಯಿಂದ. ಕೃತಕ ಗರ್ಭಧಾರಣೆಯಲ್ಲಿ ಒಂದೇ ಹೋರಿಗೆ ಸಾವಿರಾರು ಕರುಗಳಾಗುವುದರಿಂದ ಈ ಪರೀಕ್ಷೆಯ ಮಹತ್ವ ಇನ್ನೂ ಹೆಚ್ಚು.

ಹಾಗಾದರೆ ಎಲ್ಲರೂ ಹೋಲ್‌ಸ್ಟೀನ್ ಮಿಶ್ರತಳಿಯನ್ನೇ ಸಾಕಬಾರದೇಕೆ ಎಂದು ಮಕ್ಕಳು ಕೇಳಬಹುದು. ಹಾಲಿನಲ್ಲಿ ಮಿಶ್ರತಳಿ ಮುಂದು, ನಿಜ. ಆದರೆ ಅದಕ್ಕೆ ಹೆಚ್ಚು ಮೇವು, ನೀರು, ನೆರಳು ಬೇಕು. ನಮ್ಮ ಬಿಸಿಲು ಮತ್ತು ಒಣಮೇವಿಗೆ ಹೊಂದಿಕೊಂಡ ಗುಣ ದೇವಣಿಯಲ್ಲಿದೆ. ಗೊತ್ತುಗುರಿಯಿಲ್ಲದೆ ಮಿಶ್ರಣ ಮಾಡುತ್ತ ಹೋದರೆ ಶುದ್ಧ ತಳಿ ಕರಗುತ್ತದೆ, ಅದರೊಂದಿಗೆ ಅದರ ಭಿನ್ನತೆಯೂ. ಭಿನ್ನತೆ ಇದ್ದಲ್ಲಿ ಮಾತ್ರ ಆಯ್ಕೆ ಸಾಧ್ಯ.

ಪಾಠಯೋಜನೆಯ ಚಟುವಟಿಕೆಯಾಗಿ, ದನವಿರುವ ಮನೆಯ ಮಕ್ಕಳಿಂದ ಎರಡು ವಾರದ ಹಾಲಿನ ಅಳತೆ, ಮೇವು ಮತ್ತು ಕರು ಹಾಕಿ ಎಷ್ಟು ತಿಂಗಳಾಯಿತೆಂಬುದನ್ನು ಬರೆಸಬಹುದು. ಬಳಿಕ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ಈ ವ್ಯತ್ಯಾಸದಲ್ಲಿ ಮುಂದಿನ ಕರುವಿಗೆ ಹೋಗುವುದು ಯಾವುದು, ಕೊಟ್ಟಿಗೆಯಲ್ಲೇ ಉಳಿಯುವುದು ಯಾವುದು?